ಮೇಸ್ತ್ರಿಗೆ ಮುಂಗಡ ಕೊಡುವ ಮುಂಚೆ

(ದಾಬಸ್‌ಪೇಟೆಯ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಎರಡಕ್ಕೂ ಸಾಲ ಆಗುತ್ತೆ. ಆ ಸಾಲದಲ್ಲಿ ನಮ್ಮ ಪಾಲು ಎಷ್ಟು? ಸಂಘದ ಕಂತು ಕಟ್ಟೋದು ನಾವು. ಓಲೆ, ಸರ ಅಡವಿಡೋದು ನಾವು. ಹಾಗಾದರೆ ಮೇಸ್ತ್ರಿ ಜೊತೆ ಮಾತುಕತೆ ಆಗುವಾಗ ನಾವು ಯಾಕೆ ಒಳಗೆ ಕೂತಿರಬೇಕು?

ಮೊದಲು ಕಾಗದ ನೋಡಿ. ನಿವೇಶನದ ಖಾತೆ ಯಾರ ಹೆಸರಲ್ಲಿದೆ? ಇ-ಸ್ವತ್ತು ನಮೂನೆ 9 ಮತ್ತು 11 ಕೈಗೆ ಬಂದಿದೆಯಾ? ಮನೆ ಕಟ್ಟಲು ಗ್ರಾಮ ಪಂಚಾಯಿತಿ ಪರವಾನಗಿ ಕೊಟ್ಟಿದೆಯಾ? ಇವು ಇಲ್ಲದೆ ಪಾಯ ತೋಡಿಸಬೇಡಿ.

ಆಮೇಲೆ ಮೇಸ್ತ್ರಿ. ಸೋಂಪುರದ ಕೈಗಾರಿಕಾ ಪ್ರದೇಶ ಬಂದ ಮೇಲೆ ನಮ್ಮ ಕಡೆ ಕಟ್ಟಡದ ಕೆಲಸ ಹೆಚ್ಚಾಗಿದೆ. ಒಂದೇ ಸಲ ಮೂರು ನಾಲ್ಕು ಮನೆ ಒಪ್ಪಿಕೊಳ್ಳುವ ಮೇಸ್ತ್ರಿಗಳೂ ಇದ್ದಾರೆ. ಈಗ ಎಷ್ಟು ಕೆಲಸ ಕೈಯಲ್ಲಿದೆ ಅಂತ ಕೇಳಿ. ಅವರು ಕಟ್ಟಿದ ಎರಡು ಮನೆ ನೋಡಿ. ಒಂದು ಹೊಸದಿರಲಿ. ಇನ್ನೊಂದು ಮೂರು ನಾಲ್ಕು ಮಳೆಗಾಲ ಕಂಡದ್ದಿರಲಿ. ಆ ಮನೆಯ ಹೆಂಗಸರನ್ನು ಕೇಳಿ. ತಾರಸಿ ಸೋರುತ್ತಾ? ಬಚ್ಚಲ ನೀರು ಸರಿಯಾಗಿ ಹೋಗುತ್ತಾ? ಹೇಳಿದ ದಿನಕ್ಕೆ ಮುಗಿಸಿಕೊಟ್ಟರಾ?

"ನಮ್ಮ ನೆಂಟರ ಹುಡುಗ, ಬರೆದುಕೊಡು ಅಂತ ಹೇಗೆ ಕೇಳೋದು ಟೀಚರ್?" ಅಂತೀರಿ. ಬರೆದಿಟ್ಟರೆ ಹಣವೂ ಉಳಿಯುತ್ತೆ, ನೆಂಟಸ್ತನವೂ ಉಳಿಯುತ್ತೆ.

ಏನು ಬರೆಯಬೇಕು? ಚದರ ಅಡಿಗೆ ಎಷ್ಟು ಕೂಲಿ? ಅಳತೆ ಎಲ್ಲಿಂದ ಎಲ್ಲಿಗೆ? ಇಲ್ಲೇ ದೊಡ್ಡ ಮೋಸ ಆಗೋದು. ಒಂದು ಲೆಕ್ಕ ಮಾಡೋಣ.

ಗೋಡೆಯ ಹೊರ ಅಳತೆ 20 ಅಡಿ, 30 ಅಡಿ. ಗುಣಿಸಿದರೆ 600 ಚದರ ಅಡಿ. ಚದರ ಅಡಿಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. ಕೂಲಿ 1,80,000 ರೂಪಾಯಿ. ಆದರೆ ತಾರಸಿ ನಾಲ್ಕೂ ಕಡೆ 2 ಅಡಿ ಹೊರಗೆ ಚಾಚಿದೆ. ಮೇಸ್ತ್ರಿ ತಾರಸಿ ಅಳೆದರೆ 24 ಅಡಿ, 34 ಅಡಿ. ಅಂದರೆ 816 ಚದರ ಅಡಿ. ಕೂಲಿ 2,44,800 ರೂಪಾಯಿ. ಮನೆ ಅದೇ. ವ್ಯತ್ಯಾಸ 64,800 ರೂಪಾಯಿ! ಆದ್ದರಿಂದ "ಗೋಡೆಯ ಅಳತೆಯೋ, ತಾರಸಿಯ ಅಳತೆಯೋ" ಅಂತ ಮೊದಲೇ ಬರೆಸಿ. ಸೆಂಟ್ರಿಂಗ್ ಹಲಗೆ ಯಾರದು, ಕಂಬಿ ಕಟ್ಟೋರು ಯಾರು, ಸಂಪು, ಮೆಟ್ಟಿಲು ಸೇರಿದೆಯಾ ಅನ್ನೋದನ್ನೂ ಬರೆಸಿ.

ಇನ್ನು ಹಣ. ತಾರಸಿ ಬೀಳುವಷ್ಟರಲ್ಲಿ ಹಣವೆಲ್ಲ ಕೊಟ್ಟುಬಿಟ್ಟರೆ ಗಿಲಾವಿಗೆ ಮೇಸ್ತ್ರಿ ಬರುವುದು ಕಷ್ಟ. ಕೆಲಸ ಆದಷ್ಟೇ ಹಣ ಕೊಡಿ. 1,80,000 ರೂಪಾಯಿಯನ್ನು ಹೀಗೆ ಹಂಚಬಹುದು:

ಮುಂಗಡ – 18,000
ಪಾಯ ಮುಗಿದಾಗ – 36,000
ಲಿಂಟಲ್ ಆದಾಗ – 36,000
ತಾರಸಿ ಆದಾಗ – 45,000
ಗಿಲಾವು ಆದಾಗ – 27,000
ಎಲ್ಲ ಮುಗಿದು, ನೋಡಿದ ಮೇಲೆ – 18,000

ಕೊಟ್ಟ ದಿನವೇ ನೋಟ್ ಪುಸ್ತಕದಲ್ಲಿ ತಾರೀಖು, ಮೊತ್ತ ಬರೆದು ಮೇಸ್ತ್ರಿಯ ಸಹಿ ತಗೊಳ್ಳಿ.

ಸಾಮಾನಿನ ಮೇಲೂ ಕಣ್ಣಿರಲಿ. ಸಿಮೆಂಟ್ ಮೂಟೆ 50 ಕಿಲೋ. ತಯಾರಾದ ವಾರ ಮತ್ತು ವರ್ಷ ಮೂಟೆಯ ಮೇಲೆ ಅಚ್ಚಾಗಿರುತ್ತೆ. ಓದಿ. ಮೂರು ತಿಂಗಳು ದಾಟಿದ ಸಿಮೆಂಟ್ ಬೇಡ. ಎಂ-ಸ್ಯಾಂಡ್ ಅಂತ ಹೇಳಿ ಕ್ರಷರ್ ಧೂಳು ತಂದು ಸುರಿಯುವವರಿದ್ದಾರೆ. ಮುಷ್ಟಿಯಲ್ಲಿ ಹಿಡಿದು ನೋಡಿ. ಹಿಟ್ಟಿನಂತೆ ಕೈಗೆ ಮೆತ್ತಿಕೊಂಡರೆ ವಾಪಸ್ ಕಳಿಸಿ. ಊಟದ ಹೊತ್ತಿಗೆ ಗಟ್ಟಿಯಾದ ಗಾರೆಗೆ ಮತ್ತೆ ನೀರು ಸುರಿದು ಕಲಸಲು ಬಿಡಬೇಡಿ.

ಕಟ್ಟಿದ ಗೋಡೆಗೆ, ತಾರಸಿಗೆ ನೀರು ಹಾಕೋದು ನಮ್ಮ ಮೇಲೇ ಬೀಳುತ್ತೆ. ಕಡಿಮೆ ಅಂದರೂ ಹತ್ತು ದಿನ ಒಣಗದಂತೆ ನೋಡಿಕೊಳ್ಳಿ. ಸಿಮೆಂಟ್ ಗಟ್ಟಿಯಾಗೋದು ನೀರಿನಿಂದಲೇ. ಬಿಸಿಲಿಗೆ ಒಣಗಿದರೆ ಬಿರುಕು ಬಿಡುತ್ತೆ. ತಾರಸಿಯ ಸೆಂಟ್ರಿಂಗ್ ಎರಡು ವಾರವಾದರೂ ಇರಲಿ. ಬೇರೆ ಮನೆಗೆ ಹಲಗೆ ಬೇಕು ಅಂತ ಅವಸರ ಮಾಡಿದರೆ ಒಪ್ಪಬೇಡಿ.

ಸರ್ಕಾರದ ಮನೆ ಬಂದವರು ಇದನ್ನು ತಿಳಿದಿರಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ ಕೇಂದ್ರ ನಿಗದಿ ಮಾಡಿದ ಸಹಾಯ 1,20,000 ರೂಪಾಯಿ. ಹಣ ಫಲಾನುಭವಿಯ ಬ್ಯಾಂಕ್ ಖಾತೆಗೇ ಕಂತಿನಲ್ಲಿ ಬರುತ್ತೆ. ಪಾಸ್‌ಬುಕ್ಕನ್ನಾಗಲಿ, ಎಟಿಎಂ ಕಾರ್ಡನ್ನಾಗಲಿ ಮೇಸ್ತ್ರಿಗೂ ಕೊಡಬೇಡಿ, ಮಧ್ಯವರ್ತಿಗೂ ಕೊಡಬೇಡಿ.

ಹಣ ತಗೊಂಡು ಕೆಲಸ ಬಿಟ್ಟು ಹೋದರೆ? ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಗ್ರಾಹಕ ಸಹಾಯವಾಣಿ 1915. ಅಲ್ಲಿ ಮೊದಲು ಕೇಳೋದು "ಬರಹ ಇದೆಯಾ?" ಅಂತ.

ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದಿರಿ. ಕಾಗದದಲ್ಲಿ ಏನಿದೆ ಅಂತ ಬೇರೆಯವರು ಹೇಳಬೇಕಿತ್ತು. ಈಗ ನೀವೇ ಓದಬಲ್ಲಿರಿ. ಕಾಗದ ಪೂರ್ತಿ ಓದಿ, ಲೆಕ್ಕ ಕೂಡಿಸಿ, ಆಮೇಲೆ ಸಹಿ ಮಾಡಿ. "ಓದೋಕೆ ಒಂದು ದಿನ ಟೈಮ್ ಕೊಡಿ" ಅಂತ ಕೇಳೋಕೆ ನಾಚಿಕೆ ಬೇಡ.

ಬನ್ನಿ, ಸ್ಲೇಟು ತೆಗೀರಿ. ಕರಾರು ಪತ್ರದ ಮೊದಲ ಸಾಲು ಬರೆಯೋಣ.