ಜನವರಿಯ ಸೆಕೆ

ಅಡುಗೆಮನೆಯಲ್ಲೂ ನಾವು ಹೆಂಗಸರು ಪಿಸುದನಿಯಲ್ಲೇ ಆಡುವ ಮಾತನ್ನು ಇವತ್ತು ಮೈಕಿನ ಮುಂದೆ ಆಡುತ್ತಿದ್ದೇನೆ. ಮುಟ್ಟು ನಿಲ್ಲುವ ಮಾತು. ಗಂಡಸರೂ ಎದ್ದು ಹೋಗದೆ ಕೇಳಿ.

ನಮ್ಮ ದ್ವಾರಕಾದಲ್ಲಿ ಮೇ, ಜೂನ್ ತಿಂಗಳಲ್ಲಿ 'ಲೂ' ಬೀಸುವಾಗ ಬೆವರದವರು ಯಾರು? ಮೈಯೊಳಗಿನ ಕಾವು ಯಾವುದು, ಹೊರಗಿನದು ಯಾವುದು ಎಂದು ಆಗ ತಿಳಿಯದು. ನನಗೆ ತಿಳಿದದ್ದು ಜನವರಿಯಲ್ಲಿ. ಎದುರಿನ ಸೊಸೈಟಿಯೇ ಕಾಣದಷ್ಟು ಮಂಜು. ಮನೆಯವರೆಲ್ಲ ರಜಾಯಿಯೊಳಗೆ ಮುದುಡಿದ್ದಾಗ ನಾನು ಬಾಲ್ಕನಿ ಬಾಗಿಲು ತೆರೆದು ನಿಂತಿದ್ದೆ. ಎದೆಯಿಂದ ಮುಖಕ್ಕೆ ಬಿಸಿ ಏರುತ್ತದೆ, ಬೆವರು ಇಳಿಯುತ್ತದೆ, ಮರುಕ್ಷಣವೇ ನಡುಕ. "ಬಾಗಿಲು ಹಾಕಮ್ಮ, ಶೀತ ಆದೀತು" ಎಂದರು ಅತ್ತೆ. ನನಗೆ 38 ವರ್ಷ. ಮುಟ್ಟಾಗಿ ಐದು ತಿಂಗಳಾಗಿತ್ತು.

ಊರಿಗೆ ಫೋನ್ ಮಾಡಿದೆ. "ನನಗೆ ನಲವತ್ತೇಳಕ್ಕೆ ನಿಂತದ್ದು, ನಿನಗ್ಯಾಕೆ ಇಷ್ಟು ಬೇಗ?" ಎಂದು ಅಮ್ಮ ಕಣ್ಣೀರಿಟ್ಟಳು. ಅಮ್ಮನ ಲೆಕ್ಕ ಸರಿ. ನಮ್ಮ ದೇಶದಲ್ಲಿ ಸರಾಸರಿ 46-47ರ ಸುಮಾರಿಗೆ ನಿಲ್ಲುತ್ತದೆ. 40ಕ್ಕೂ ಮೊದಲೇ ಆದರೆ ವೈದ್ಯರು ಅದನ್ನು ಬೇರೆಯಾಗಿಯೇ ನೋಡುತ್ತಾರೆ. ಮೊದಲು ಗರ್ಭದ ಪರೀಕ್ಷೆ, ಥೈರಾಯ್ಡ್, ಆಮೇಲೆ ಎಫ್‌ಎಸ್‌ಎಚ್. ಅಂಡಾಶಯ ಸೋತಾಗ ಅದನ್ನು ಎಬ್ಬಿಸಲು ಪಿಟ್ಯುಟರಿ ಗ್ರಂಥಿ ಹೆಚ್ಚು ಹೆಚ್ಚು ಕಳಿಸುವ ಹಾರ್ಮೋನು ಅದು. ನನ್ನದು ಎರಡು ಸಲವೂ ಏರಿತ್ತು. ನಿಮಗೂ ಮೂವತ್ತರ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ತಪ್ಪಿದರೆ, "ಎಲ್ಲ ಟೆನ್ಷನ್ನು" ಅನ್ನುವವರ ಮಾತಿಗೆ ಕೂರದೆ ರಕ್ತ ಪರೀಕ್ಷೆ ಮಾಡಿಸಿ.

ಎರಡನೆಯ ಮಗುವಿನ ಆಸೆ ಇತ್ತು ನಮಗೆ. "ಹೋಗಲಿ ಬಿಡು, ಇನ್ನು ಹಬ್ಬ ಹುಣ್ಣಿಮೆಗೆ ಅಡ್ಡಿಯಿಲ್ಲ" ಎಂದು ಸಮಾಧಾನ ಹೇಳಿದವರೂ ಉಂಟು. ಆ ಸಮಾಧಾನ ನನಗೆ ಬೇಕಿರಲಿಲ್ಲ.

ಈಗ ಹಾರ್ಮೋನು ತೆಗೆದುಕೊಳ್ಳುತ್ತಿದ್ದೇನೆ. ಕೇಳಿದವರೆಲ್ಲ "ಕ್ಯಾನ್ಸರ್ ಬರುತ್ತಂತೆ" ಎನ್ನುತ್ತಾರೆ. ಆ ಭಯ ಹರಡಿದ್ದು 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದವರು 50ರಿಂದ 79 ವರ್ಷದವರು. ನನ್ನಂಥವರಿಗೆ ಕೊಡುವುದು ಮೈ ಬೇಗನೆ ಕಳೆದುಕೊಂಡದ್ದನ್ನು, ಮೂಳೆ ಸವೆಯದಂತೆ, ಸುಮಾರು 50ರವರೆಗೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಯಾರಿಗೆ ಸಲ್ಲುತ್ತದೆ ಎಂಬುದನ್ನು ವೈದ್ಯರೇ ಹೇಳಬೇಕು, ನಾನಲ್ಲ.

ಇನ್ನು ನಲವತ್ತು ದಾಟಿದ ಅಕ್ಕಂದಿರಿಗೆ. ಮುಟ್ಟು ಹಿಂದೆ ಮುಂದೆ ಆಗುವ ಕಾಲ ಕೆಲವು ವರ್ಷ ಎಳೆಯಬಹುದು. ಅಷ್ಟರಲ್ಲಿ ಗರ್ಭ ನಿಲ್ಲುವುದೂ ಉಂಟು, ಎಚ್ಚರ. ಪೂರ್ತಿ 12 ತಿಂಗಳು ಕಾಣದಿದ್ದರೆ ನಿಂತಿತು ಎಂದು ಲೆಕ್ಕ. ಅದಕ್ಕೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ "ಮತ್ತೆ ಶುರುವಾಯಿತು" ಎಂದು ಸುಮ್ಮನಿರದೆ ಅದೇ ವಾರ ವೈದ್ಯರಲ್ಲಿಗೆ ಹೋಗಿ.