ಪೂರಿಗಾಲಿಯ ಯುವಕ ಯುವತಿಯರೇ, ಆ ಪದಗಳೂ ನಿಮ್ಮವೇ

ಕಾವೇರಿಯ ನೀರು ಯಾರಿಗೆಷ್ಟು ಎಂಬುದು ಯಾವ ಭಾಷೆಯಲ್ಲಿ ತೀರ್ಮಾನವಾಯಿತು? 2007ರ ಫೆಬ್ರವರಿ 5ರಂದು ನ್ಯಾಯಾಧಿಕರಣ ಕೊಟ್ಟ ಅಂತಿಮ ತೀರ್ಪು ಇಂಗ್ಲಿಷಿನಲ್ಲಿದೆ. ಕರ್ನಾಟಕಕ್ಕೆ 14.75 ಟಿಎಂಸಿ ಅಡಿ ನೀರು ಹೆಚ್ಚುವರಿಯಾಗಿ ದಕ್ಕಿದ, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪೂ ಇಂಗ್ಲಿಷಿನಲ್ಲಿದೆ. ಆ ನೀರಿಗಾಗಿ ಮಂಡ್ಯದ ಹೆದ್ದಾರಿಯಲ್ಲಿ ಕೂತವರು ನಾವು, ಘೋಷಣೆ ಕೂಗಿದವರು ನಾವು. ಆ ತೀರ್ಪನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ನಮ್ಮ ನೆಲದ ಮಾತು, ನಮ್ಮ ಹೊಟ್ಟೆಯ ಮಾತು ಅಲ್ಲಿ ಬರೆದಿರುವಾಗ ನಾವೇ ಓದದಿದ್ದರೆ ಇನ್ನಾರು ಓದಬೇಕು?

ಓದಬೇಕೆಂದರೆ ಪದ ಬೇಕು. ಬಸ್ ಸ್ಟ್ಯಾಂಡಿನಲ್ಲಿ ನಿಭಾಯಿಸುವ ಇಂಗ್ಲಿಷ್ ಸಾಲದು. ವಾದ ಹೂಡುವ, ಷರತ್ತು ಹಾಕುವ, ಹಕ್ಕು ಕೇಳುವ ಇಂಗ್ಲಿಷ್ ಬೇಕು.

ನದಿ ನೀರಿನ ಹಂಚಿಕೆಯ ಕಾನೂನಿನಿಂದಲೇ ಒಂದು ಪದ ಹಿಡಿಯೋಣ: ಈಕ್ವಿಟಬಲ್. ಈಕ್ವಲ್ ಎಂದರೆ ಎಲ್ಲರಿಗೂ ಒಂದೇ ಅಳತೆ. ಈಕ್ವಿಟಬಲ್ ಎಂದರೆ ಅವರವರ ಅಗತ್ಯ, ಪರಿಸ್ಥಿತಿ ನೋಡಿ ನ್ಯಾಯವಾಗಿ ಕೊಡುವುದು. ರಾಜ್ಯ ರಾಜ್ಯಗಳ ನಡುವಿನ ನೀರಿನ ವ್ಯಾಜ್ಯಗಳು ನಿಂತಿರುವುದು ಈ ಎರಡನೆಯ ಪದದ ಮೇಲೆ. ಎರಡೂ ಒಂದೇ ಎಂದುಕೊಂಡರೆ ತಿರುಳೇ ಕೈತಪ್ಪುತ್ತದೆ. ಈಗ ಅದರಿಂದ ನಿಮ್ಮದೇ ವಾಕ್ಯ ಕಟ್ಟಿ: 'ದಿ ವಾಟರ್ ವಾಸ್ ನಾಟ್ ಡಿವೈಡೆಡ್ ಈಕ್ವಲಿ, ಬಟ್ ದಿ ಟೇಲ್ ಎಂಡ್ ಫಾರ್ಮರ್ಸ್ ಫೌಂಡ್ ದಿ ಶೇರ್ ಈಕ್ವಿಟಬಲ್.' ನಾಲೆಯ ಕೊನೆಭಾಗದ ರೈತನ ಪಾಡು ಕಂಡವರು ನೀವು. ಆ ವಾಕ್ಯ ನಿಮಗೆ ಮರೆತುಹೋಗುವುದುಂಟೇ?

ಅರ್ಥವೊಂದನ್ನೇ ಉರು ಹೊಡೆದರೆ ಏನಾಗುತ್ತದೆ ಗೊತ್ತೇ? ಮಿಟಿಗೇಟ್ ಎಂದರೆ ತಗ್ಗಿಸು ಎಂದು ನಿಘಂಟು ಹೇಳುತ್ತದೆ. ಅಷ್ಟನ್ನೇ ನಂಬಿದವರು ಬೇಳೆಯ ಬೆಲೆಯನ್ನೂ ಮಿಟಿಗೇಟ್ ಮಾಡಲು ಹೊರಡುತ್ತಾರೆ. ಆ ಪದ ಕೂರುವುದು ಹಾನಿ, ಅಪಾಯ, ಬರದ ಪರಿಣಾಮ ಇಂಥವುಗಳ ಪಕ್ಕದಲ್ಲಿ. ಹನಿ ನೀರಾವರಿ ಬರದ ಪರಿಣಾಮವನ್ನು ಮಿಟಿಗೇಟ್ ಮಾಡುತ್ತದೆ ಎಂದರೆ ಸರಿ. ತಮ್ಮ ಊರಿನ ಹೆಸರಿನಲ್ಲೇ ಹನಿ ನೀರಾವರಿ ಯೋಜನೆ ಇರುವ ಪೂರಿಗಾಲಿಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಪದ ಯಾರ ಜೊತೆ ಹೊಂದುತ್ತದೆ, ಯಾರ ಜೊತೆ ಹೊಂದುವುದಿಲ್ಲ ಎಂಬುದನ್ನು ಕಲಿಸುವುದು ವಾಕ್ಯ. ತಿಂಗಳಲ್ಲಿ ಸಾವಿರ ಪದ ಕಲಿಸುತ್ತೇವೆ ಎನ್ನುವ ಪುಸ್ತಕಗಳನ್ನು ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ನೆನಪಿನಲ್ಲಿ ಉಳಿಯುವುದಿಲ್ಲ ಎನ್ನುತ್ತೀರಾ? ನೀವು ಯಾವ ಸೀಮೆಯವರು? ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಸೀಮೆಯವರು! ಕೈಯಲ್ಲಿ ತಂಬೂರಿ ಹಿಡಿದು, ಎದುರಿಗೆ ಒಂದು ಹಾಳೆಯೂ ಇಲ್ಲದೆ, ದೀಪ ಹಚ್ಚಿದಾಗ ಶುರುಮಾಡಿ ಕೋಳಿ ಕೂಗುವವರೆಗೆ ಆ ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರ ಸೀಮೆಯವರು. ಅವರು ಪದಗಳನ್ನು ಪಟ್ಟಿ ಮಾಡಿ ಕಲಿತವರಲ್ಲ. ಕಥೆಯೊಳಗೆ, ಸಾಲಿನೊಳಗೆ, ಗುರುವಿನ ಬಾಯಿಂದ ಕೇಳಿ ಕೇಳಿ ಕಲಿತವರು. ಆ ನೆನಪಿನ ಶಕ್ತಿ ಈ ಮಣ್ಣಿನಲ್ಲಿದೆ. ನಿಮ್ಮಲ್ಲೂ ಇದೆ.

ಕನ್ನಡ ಮೀಡಿಯಂ ಎಂಬ ಅಳುಕೇ? ಶ್ರೀರಂಗಪಟ್ಟಣದ ಗಂಜಾಂನಲ್ಲಿ 1913ರಲ್ಲಿ ಹುಟ್ಟಿದ ಜಿ. ವೆಂಕಟಸುಬ್ಬಯ್ಯನವರು ನಮ್ಮ ಜಿಲ್ಲೆಯವರೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿದ್ದ ಅವರೇ ಇಂಗ್ಲಿಷ್–ಕನ್ನಡ ನಿಘಂಟನ್ನೂ ಕೊಟ್ಟರು. ಒಂದು ಭಾಷೆಯನ್ನು ಎದೆಗಪ್ಪಿಕೊಂಡವರು ಇನ್ನೊಂದನ್ನು ದೂರ ತಳ್ಳಲಿಲ್ಲ. ಅವರ ಆ ದೊಡ್ಡ ನಿಘಂಟನ್ನು ತೆರೆದು ನೋಡಿ: ಅರ್ಥದ ಬೆನ್ನಿಗೇ ಕಾವ್ಯಗಳಿಂದ ಆಯ್ದ ಪ್ರಯೋಗಗಳಿವೆ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಯಾರು? ಸ್ಕಾಟ್ಲೆಂಡಿನ ಹಳ್ಳಿಯೊಂದರ ದರ್ಜಿಯ ಮಗ. ಹದಿನಾಲ್ಕಕ್ಕೇ ಶಾಲೆ ಬಿಟ್ಟ ಹುಡುಗ. ನೀವು ಓದುವ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳಿಸಿ ಎಂದು 1879ರಲ್ಲಿ ಅವರು ಜನರಿಗೆ ಮನವಿ ಮಾಡಿದರು. ಊರೂರುಗಳಿಂದ ಸಾಮಾನ್ಯ ಓದುಗರು ಕಳಿಸಿದ ಆ ಚೀಟಿಗಳ ಮೇಲೆ ಜಗತ್ತಿನ ಅತಿ ದೊಡ್ಡ ಇಂಗ್ಲಿಷ್ ನಿಘಂಟು ಎದ್ದು ನಿಂತಿತು. ದರ್ಜಿಯ ಮಗನಿಗೆ ಆದದ್ದು ರೈತನ ಮಗಳಿಗೆ ಏಕಾಗದು?

ಒಂದು ನೋಟ್‌ಬುಕ್ ಸಾಕು. ದಿನಕ್ಕೆ ಮೂರೇ ಪದ. ಅರ್ಥವನ್ನು ಮೊದಲು ನಿಮ್ಮದೇ ಕನ್ನಡದಲ್ಲಿ ಬರೆಯಿರಿ, ಆಮೇಲೆ ಸುಲಭ ಇಂಗ್ಲಿಷಿನಲ್ಲಿ. ಪದ ಸಿಕ್ಕ ವಾಕ್ಯವನ್ನು ಹಾಗೇ ಇಳಿಸಿ. ಅದರ ಕೆಳಗೆ ನಿಮ್ಮ ಗದ್ದೆ, ನಿಮ್ಮ ಆಲೆಮನೆ, ನಿಮ್ಮ ಹಾಲಿನ ಡೇರಿಯ ಮೇಲೆ ಒಂದು ಸ್ವಂತ ವಾಕ್ಯ. ಕಲಿತದ್ದು ಮೊದಮೊದಲೇ ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಮಾರನೆಯ ದಿನ ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಿ, ವಾರ ಬಿಟ್ಟು ಮತ್ತೆ, ತಿಂಗಳು ಬಿಟ್ಟು ಮತ್ತೆ.

ಒಬ್ಬೊಬ್ಬರೇ ಬೇಡ, ಜೊತೆಗೂಡಿ. ಪಂಚಾಯ್ತಿ ಲೈಬ್ರರಿಯಲ್ಲಿ ಸಂಜೆ ನಾಲ್ಕು ಜನ ಕೂತು ಒಬ್ಬರ ವಾಕ್ಯವನ್ನು ಇನ್ನೊಬ್ಬರು ತಿದ್ದಿ. ಕಲಿತದ್ದನ್ನು ಜಗುಲಿಗೆ ತನ್ನಿ. ಸಾಲದ ಕಾಗದದ ಸಣ್ಣಕ್ಷರ, ಬೆಳೆ ವಿಮೆಯ ಷರತ್ತು, ಔಷಧಿ ಬಾಟಲಿಯ ಎಚ್ಚರಿಕೆ ಎಲ್ಲವನ್ನೂ ಓದಿ, ಮನೆಯ ಹಿರಿಯರಿಗೆ ಅವರದೇ ಕನ್ನಡದಲ್ಲಿ ಬಿಡಿಸಿ ಹೇಳಿ. ಈ ಊರಿನ ಯಾವ ರೈತನೂ, ಯಾವ ತಾಯಿಯೂ ಇನ್ನು ಮುಂದೆ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು. ಆ ಹೊಣೆ ನಿಮ್ಮದು. ನೋಟ್‌ಬುಕ್ ಇವತ್ತೇ ತನ್ನಿ!