ದೂರದ ಪಾಠವೂ ಮಕ್ಕಳ ಕಣ್ಣೂ



ಶಿಕ್ಷಣದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಕನ್ನಡ ಪಂಡಿತನು ಹಳಗನ್ನಡದ ಪದ್ಯವೊಂದನ್ನು ಬಿಡಿಸಿ ಹೇಳಿ ಕುಳಿತುಕೊಳ್ಳುವನೆಂದು ತಾವು ಎಣಿಸಿರಬಹುದು. ಇಂದು ನಾನು ಕಣ್ಣನ್ನು ಕುರಿತು ಮಾತನಾಡುವೆನು.

ರೋಗದ ಭಯದಿಂದ ಶಾಲೆಗಳು ಮುಚ್ಚಿದ್ದ ಕಾಲವನ್ನು ತಾವು ಮರೆತಿರಲಾರಿರಿ. 2020ರ ಸೆಪ್ಟೆಂಬರ್ 1ರಿಂದ ನಮ್ಮ ತೆಲಂಗಾಣದಲ್ಲಿ ದೂರದರ್ಶನದ ಯಾದಗಿರಿ ವಾಹಿನಿ, ಟಿ-ಸ್ಯಾಟ್‌ಗಳ ಮೂಲಕ ಪಾಠಗಳು ಮೊದಲಾದುವು. ನಾನೂ ಫೋನಿನ ಮುಂದೆ ಕುಳಿತು ವ್ಯಾಕರಣವನ್ನು ಹೇಳಿದೆನು. ತರಗತಿಯಲ್ಲಾದರೆ ಹಿಂದಿನ ಸಾಲಿನ ಹುಡುಗನ ಕಣ್ಣು ಕಿಟಕಿಯ ಕಡೆಗೆ ಹೊರಳಿದೊಡನೆ ಉದಾಹರಣೆಯನ್ನು ಬದಲಿಸುತ್ತಿದ್ದೆನು. ಫೋನಿನಲ್ಲಿ ಆ ಕಣ್ಣುಗಳೇ ಇರಲಿಲ್ಲ. ಶಾಲೆ ತೆರೆದ ಮೇಲೆ ನೋಡಿದರೆ, ಮೂರು ಸಲ ಹೇಳಿದ್ದ ಆದೇಶಸಂಧಿಯನ್ನು ಗುರುತಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಮಕ್ಕಳ ಮೇಲೆ ಕೋಪಗೊಂಡೆನು. ಬಳಿಕ ಈ ವಿಷಯದ ಸಂಶೋಧನೆಗಳನ್ನು ಓದಿದಾಗ ಆ ಕೋಪ ಇಳಿಯಿತು.

ಓದುವಾಗ ಕಣ್ಣು ಹೊಳೆಯಂತೆ ಹರಿಯುವುದಿಲ್ಲ, ಗುಬ್ಬಿಯಂತೆ ಕುಪ್ಪಳಿಸುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು, ಮುಂದಕ್ಕೆ ಹಾರಿ, ಮತ್ತೆ ನಿಲ್ಲುತ್ತದೆ. 1908ರಲ್ಲಿ ಓದಿನ ಮನಶ್ಶಾಸ್ತ್ರದ ಮೇಲೆ ಗ್ರಂಥ ಬರೆದ ಅಮೆರಿಕದ ಎಡ್ಮಂಡ್ ಹ್ಯೂಯಿಯು ಇದನ್ನು ಅಳೆಯಲು ಕಣ್ಣಿನ ಮೇಲೆಯೇ ಒಂದು ಪುಟ್ಟ ಬಟ್ಟಲನ್ನಿಟ್ಟು, ಅದಕ್ಕೆ ಅಲ್ಯೂಮಿನಿಯಮ್ಮಿನ ಮುಳ್ಳನ್ನು ಜೋಡಿಸಿದ್ದನು. ನೆನೆದರೆ ನನ್ನ ಕಣ್ಣಲ್ಲಿ ನೀರಾಡುತ್ತದೆ! ಇಂದು ಕಣ್ಣನ್ನು ಮುಟ್ಟಬೇಕಾಗಿಲ್ಲ. ಕಾಣದ ಅವಗೆಂಪು ಬೆಳಕನ್ನು ಕಣ್ಣಿನ ಮೇಲೆ ಬೀರಿ, ಅಲ್ಲಿ ಮಿನುಗುವ ಚುಕ್ಕೆಗೂ ಪಾಪೆಯ ನಡುವಿಗೂ ಇರುವ ಅಂತರವನ್ನು ಕ್ಯಾಮೆರಾದಿಂದ ಅಳೆದು, ನೋಟ ಎಲ್ಲಿ ನೆಟ್ಟಿದೆಯೆಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ.

ಇದರಿಂದ ತಿಳಿದುಬಂದುದೇನು? 2005ರಲ್ಲಿ ರಿಚರ್ಡ್‌ಸನ್ ಮತ್ತು ಡೇಲ್ ಎಂಬ ವಿದ್ವಾಂಸರು, ಚಿತ್ರಗಳನ್ನು ನೋಡುತ್ತ ಮಾತನಾಡುವವನ ಕಣ್ಣನ್ನು ಕೇಳುವವನ ಕಣ್ಣು ಸುಮಾರು ಎರಡು ಸೆಕೆಂಡು ತಡವಾಗಿ ಹಿಂಬಾಲಿಸುವುದೆಂದು ಕಂಡರು. ಈ ಹಿಂಬಾಲಿಕೆ ನಿಕಟವಾದಷ್ಟೂ ಕೇಳಿದವನಿಗೆ ವಿಷಯ ಹೆಚ್ಚು ತಿಳಿದಿತ್ತು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಶರ್ಮಾ, ಜೆರ್ಮಾನ್, ಡಿಲೆನ್‌ಬರ್ಗ್ ಎಂಬುವರು 2014ರಲ್ಲಿ ಇದನ್ನೇ ಪರದೆಯ ಪಾಠಕ್ಕೆ ಅನ್ವಯಿಸಿದರು. ಗುರುವು ತೋರಿಸಿದ ಹಾಗೂ ಹೇಳುತ್ತಿದ್ದ ವಸ್ತುವಿನ ಮೇಲೆಯೇ ಕಣ್ಣಿಟ್ಟವರು ಪರೀಕ್ಷೆಯಲ್ಲಿ ಮೇಲಾದರು. ಅಮೆರಿಕದ ಷ್ನೈಡರ್ ಮತ್ತು ರಾಯ್ ಪೀ ಅವರ 2013ರ ಪ್ರಯೋಗವಂತೂ ನನಗೆ ಬಹಳ ಪ್ರಿಯವಾದುದು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಒಂದೇ ಚಿತ್ರವನ್ನು ಅಭ್ಯಸಿಸುತ್ತಿದ್ದ ಜೋಡಿಗಳಲ್ಲಿ, ಜೊತೆಗಾರನ ನೋಟ ಎಲ್ಲಿದೆಯೆಂಬುದು ಯಾರ ಪರದೆಯ ಮೇಲೆ ಕಾಣುತ್ತಿತ್ತೋ ಅವರು ಹೆಚ್ಚು ಕಲಿತರು. ಅವರು ಕಲಿತ ವಿಷಯವೂ ಕಣ್ಣು ಮಿದುಳಿಗೆ ಸುದ್ದಿ ಮುಟ್ಟಿಸುವ ಬಗೆಯೇ!

ಇದು ನಮಗೇಕೆಂದು ಕೇಳುವಿರಿ. ಕೃಷ್ಣಾ, ಮಾಗನೂರು, ಮಕ್ತಲ್ ಕಡೆಯ ಹಳ್ಳಿಯೊಂದರಲ್ಲಿ ನಾಳೆ ಕನ್ನಡದ ಪಂಡಿತನಿಲ್ಲದಂತಾದರೆ, ರಾಯಚೂರಿನಿಂದಲೋ ಬೆಂಗಳೂರಿನಿಂದಲೋ ಪಾಠವನ್ನು ಪರದೆಯ ಮೇಲೆ ತರಿಸುವರು. ಇಲ್ಲದಿರುವುದಕ್ಕಿಂತ ಅದು ಮೇಲು. ಆದರೆ ಆ ಪರದೆ ಮಗುವನ್ನು ನೋಡದು. ಹಾಗೆಂದು ಮನೆಯೊಳಗಿನ ಮಗುವಿನ ಕಣ್ಣಿಗೆ ಯಂತ್ರದ ಕಾವಲು ಹಾಕಿಸಲು ನಾನು ಒಪ್ಪಲಾರೆನು. ಕಣ್ಣಿದ್ದೆಡೆಯಲ್ಲಿಯೇ ಮನಸ್ಸಿರಬೇಕೆಂಬ ನಿಯಮವೂ ಇಲ್ಲ. ನಮ್ಮ ಲಿಪಿಯಲ್ಲಂತೂ ಒತ್ತಕ್ಷರಗಳು ಸಾಲಿನ ಕೆಳಗೂ ಇಳಿಯುತ್ತವೆ. ಇಂಗ್ಲಿಷ್ ಓದುಗರ ಲೆಕ್ಕವನ್ನು ಕಣ್ಣುಮುಚ್ಚಿ ನಮಗೆ ಹಚ್ಚಲಾಗದು.

ಯಂತ್ರವಿಲ್ಲದೆಯೂ ಆಗುವ ಕೆಲಸವುಂಟು. ಪರದೆಯ ಗುರುಗಳು ಪದದ ಕೆಳಗೆ ಕಡ್ಡಿಯಿಟ್ಟು ಎರಡು ಸೆಕೆಂಡು ತಡೆದು ಮುಂದಕ್ಕೆ ಹೋಗಲಿ. ಒಂದೇ ಫೋನಿಗೆ ಇಬ್ಬರು ಮಕ್ಕಳೆಂದು ತಾಯಂದಿರು ಕೊರಗುವುದು ಬೇಡ. ಇಬ್ಬರೂ ಬೆರಳಿಟ್ಟು ಒಬ್ಬರಿಗೊಬ್ಬರು ತೋರಿಸಿಕೊಳ್ಳಲಿ.

ಆ ಮುಚ್ಚಿದ ದಿನಗಳಲ್ಲಿಯೇ ಓದು ಬಾರದ ತಾಯಿಯೊಬ್ಬಳು ಪಾಠದ ನಡುವೆ ಮಗನ ಪಕ್ಕದಿಂದ ಕೂಗಿದ್ದಳು: “ಮಾಸ್ತರ್ರೀ, ಹುಡುಗನ ಬೆರಳು ಇಲ್ಲೇ ನಿಂತೈತ್ರೀ.” ಎಲ್ಲಿ ಎಂದು ಕೇಳಿದೆನು. ಹುಡುಗ ಮೆಲ್ಲಗೆ “ಮಳೆಗಾಲ” ಎಂದನು. ಮಳೆಯೂ ಕಾಲವೂ ಸೇರಿ ಕಕಾರವು ಗಕಾರವಾದ ಜಾಗವದು. ನನ್ನ ಕಡ್ಡಿ ಆಗಲೇ ಎರಡು ಸಾಲು ಮುಂದಿತ್ತು.